ಕಮಿಷನ್ ಇಲ್ಲದ ಆ್ಯಪ್: ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ

ದಿನಕ್ಕೆ 1,500 ರೂಪಾಯಿ ದುಡಿಯುವ ಆಟೊ ಚಾಲಕರಿಂದ ಆ್ಯಪ್ 20% ಕಮಿಷನ್ ಹಿಡಿದರೆ 300 ಹೋಯಿತು. 2022ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಕಮಿಷನ್ ಹಿಡಿಯದ ಆಟೊ ಆ್ಯಪ್ ನಮ್ಮ ಯಾತ್ರಿ ಮರುವರ್ಷ ಚಾಲಕರಿಗೆ ಇಟ್ಟ ದರ ದಿನಕ್ಕೆ 25 ರೂಪಾಯಿ, ಇಲ್ಲವೇ ಟ್ರಿಪ್ಪಿಗೆ 3.50. ಎಂಟನೇ ಟ್ರಿಪ್ಪಿನಿಂದ ದಿನದ ಪ್ಲಾನೇ ಅಗ್ಗ.

ಇದು ದಾನಧರ್ಮವಲ್ಲ. ಸರ್ವರ್, ಮ್ಯಾಪ್, ಒಟಿಪಿ ಸಂದೇಶ ಇವುಗಳ ಖರ್ಚು ಬಾಡಿಗೆ 80 ಇದ್ದರೂ 400 ಇದ್ದರೂ ಹೆಚ್ಚುಕಮ್ಮಿ ಒಂದೇ. ದುಡ್ಡು ನೇರ ಚಾಲಕರ ಕೈಗೆ ಹೋಗುವುದರಿಂದ ಪಾವತಿ ತೀರಿಸುವ ತಲೆನೋವೂ ಇಲ್ಲ.

ಆದರೆ ನಮ್ಮ ಯಾತ್ರಿಯ ಕೋಡ್ ಯಾರು ಬೇಕಾದರೂ ನೋಡುವಂತೆ ಮುಕ್ತವಾಗಿದ್ದ ಮಾತ್ರಕ್ಕೆ ಒಡೆತನ ಬಳಕೆದಾರರದ್ದಾಗುವುದಿಲ್ಲ. ನಾಳೆ 25 ರೂಪಾಯಿ 60 ಆಗಬೇಕೇ ಎಂಬುದಕ್ಕೆ ಚಾಲಕರಿಗೆ ಮತವಿದೆಯೇ? ಕೇಳಬೇಕಾದ ಪ್ರಶ್ನೆ ಅದು. ಫೋಟೊ ಬಳಕೆಯ ಲೈಸೆನ್ಸ್ ಮಾರುವ ಕೆನಡಾದ ತಾಣ ಸ್ಟಾಕ್ಸಿಯಲ್ಲಿ ಸದಸ್ಯರಿಗೆ ಮತವಿದೆ: ಅದು ಛಾಯಾಗ್ರಾಹಕರದೇ ಸಹಕಾರಿ, ಸಾಮಾನ್ಯ ಲೈಸೆನ್ಸ್ ಮಾರಾಟದ ಅರ್ಧ ಹಣ ಚಿತ್ರ ತೆಗೆದವರಿಗೆ ಎಂಬ ಕರಾರಿನೊಂದಿಗೆ ಶುರುವಾದದ್ದು. ಸದಸ್ಯತ್ವ ಎಲ್ಲರಿಗೂ ತೆರೆದಿಲ್ಲ. ತೆರೆದರೆ ತಲಾ ಆದಾಯ ತೆಳುವಾಗುತ್ತದೆ.

ಚಾಲಕರೇ ಇಂಥ ಸಹಕಾರಿ ಆ್ಯಪ್ ಕಟ್ಟಹೊರಟರೆ ಕೈಕೊಡುವುದು ಬಂಡವಾಳ. ಒಬ್ಬರಿಗೆ ಒಂದೇ ಮತವೆಂದರೆ ದೊಡ್ಡ ಹೂಡಿಕೆದಾರರು ಹತ್ತಿರ ಸುಳಿಯುವುದಿಲ್ಲ. 2,000 ಸದಸ್ಯರು ತಲಾ 1,000 ರೂಪಾಯಿ ಷೇರು ಹಾಕಿದರೆ 20 ಲಕ್ಷ. ನಾಲ್ಕೈದು ಜನರ ತಂಡಕ್ಕೆ ಕೆಲವು ತಿಂಗಳ ಸಂಬಳ, ಅಷ್ಟೇ. ರಿಯಾಯಿತಿ ಸಮರಕ್ಕೆ ಇಳಿಯುವ ಮಾತೇ ಬೇಡ. ಆದ್ದರಿಂದ ಊರಿಡೀ ಹರಡದೆ ಎರಡು ಮೂರು ಮೆಟ್ರೊ ನಿಲ್ದಾಣಗಳ ಸುತ್ತಲಷ್ಟೇ ಶುರುಮಾಡಿ. ಚಾಲಕರು ಚದುರಿದರೆ ಆಟೊ ಬರಲು 20 ನಿಮಿಷ ಹಿಡಿಯುತ್ತದೆ, ಪ್ರಯಾಣಿಕರು ಎರಡನೇ ಸಲ ಆ್ಯಪ್ ತೆರೆಯುವುದಿಲ್ಲ.