ಪಾಯ್ಸನ್ ಓಕ್ ಪೊದೆಯಲ್ಲಿ ಸರ್ವೆ: ಮುಲಾಮಿಗಿಂತ ಮೊದಲು ನೀರು

ಸರ್ವೆ ಕೆಲಸದ ಅಪಾಯ ಎಂದರೆ ಜನ ಕಡಿದಾದ ಇಳಿಜಾರು, ಹೆದ್ದಾರಿಯ ಅಂಚು, ರ್‍ಯಾಟಲ್ ಹಾವು ಎಂದುಕೊಳ್ಳುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಬೆಟ್ಟಸಾಲಿನಲ್ಲಿ ಅಳತೆ ಮಾಡುವ ನಮ್ಮ ಕಚೇರಿಯಲ್ಲಿ ಗಾಯದ ಕಡತ ತೆರೆದರೆ ಕಾಣುವುದು ಬೇರೆಯೇ. ಮೊಣಕೈವರೆಗೆ ಬೊಕ್ಕೆ, ಊದಿ ಮುಚ್ಚಿಕೊಂಡ ಕಣ್ಣು, ನವೆಯಿಂದಾಗಿ ನಿದ್ದೆಯಿಲ್ಲದೆ ಬೆಳಗಿನ ಪಾಳಿಗೆ ಬರಲಾಗಲಿಲ್ಲ ಎಂಬ ಟಿಪ್ಪಣಿ. ಇಷ್ಟಕ್ಕೂ ಕಾರಣ ಒಂದೇ ಗಿಡ, ಪಾಯ್ಸನ್ ಓಕ್. ತಂಡಗಳನ್ನು ಬೆಟ್ಟಕ್ಕೆ ಕಳಿಸುವುದು, ಬೇಕಾದಾಗ ನಾನೂ ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣ ಹೊತ್ತು ಹೋಗುವುದು ನನ್ನ ಕೆಲಸ. ಈ ಗಿಡದ ವಿಷಯದಲ್ಲಿ ಕಂಪನಿಗಳು ಮುಲಾಮಿಗೆ ಎಷ್ಟು ದುಡ್ಡು ಬೇಕಾದರೂ ಕೊಡುತ್ತವೆ, ಹತ್ತು ನಿಮಿಷದ ಸಮಯವನ್ನು ಮಾತ್ರ ಕೊಡುವುದಿಲ್ಲ. ಇದು ನನ್ನ ಹಳೆಯ ತಕರಾರು.

ಹೆಸರಿನಲ್ಲಿ ಓಕ್ ಇದ್ದರೂ ಇದು ಓಕ್ ಮರದ ನೆಂಟನಲ್ಲ. ಎಲೆಯ ಅಂಚು ಓಕ್ ಎಲೆಯಂತೆ ಕಾಣುತ್ತದೆ, ಅಷ್ಟೇ. ಸಸ್ಯಶಾಸ್ತ್ರದಲ್ಲಿ ಟಾಕ್ಸಿಕೋಡೆಂಡ್ರಾನ್ ಡೈವರ್ಸಿಲೋಬಮ್. ಮಾವು, ಗೋಡಂಬಿ ಇರುವ ಕುಟುಂಬಕ್ಕೇ ಸೇರಿದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ, ಹೆಚ್ಚಾಗಿ 5,000 ಅಡಿಗಿಂತ ಕೆಳಗೆ ಬೆಳೆಯುತ್ತದೆ. ಬಿಸಿಲಲ್ಲಿ ಸೊಂಟದೆತ್ತರದ ಪೊದೆ. ನೆರಳಲ್ಲಿ ಓಕ್, ರೆಡ್‌ವುಡ್ ಮರಗಳನ್ನು ತಬ್ಬಿ ಮೇಲೇರುವ ಬಳ್ಳಿ. ಒಂದು ತೊಟ್ಟಿಗೆ ಮೂರು ಎಲೆ ಎಂಬ ಗುರುತನ್ನು ಇಲ್ಲಿ ಮಕ್ಕಳಿಗೂ ಕಲಿಸುತ್ತಾರೆ. ವಸಂತದಲ್ಲಿ ಹೊಳೆಯುವ ತಾಮ್ರ ಬಣ್ಣ, ಆಮೇಲೆ ಹಸಿರು, ಬೇಸಿಗೆಯ ಒಣಹವೆಗೇ ಕಡುಕೆಂಪು.

ಈ ಮೂರೆಲೆಯ ಪಾಠವನ್ನು ನಾನು ಹೊಸಬರಿಗೆ ಹೇಳಿಕೊಡುತ್ತೇನೆ, ಆದರೆ ಅದನ್ನೇ ನೆಚ್ಚಬೇಡಿ ಎಂದೂ ಹೇಳುತ್ತೇನೆ. ಚಳಿಗಾಲದಲ್ಲಿ ಎಲೆಗಳೆಲ್ಲ ಉದುರಿ ಬೂದು ಬಣ್ಣದ ಬರೀ ಕಡ್ಡಿಗಳು ನಿಂತಿರುತ್ತವೆ. ಸೊನೆ ಕಡ್ಡಿಯಲ್ಲೂ ಇರುತ್ತದೆ, ಬೇರಿನಲ್ಲೂ ಇರುತ್ತದೆ. ನಮಗೆ ಕೆಲಸ ಮೈಮೇಲೆ ಬೀಳುವುದು ಆಗಲೇ. 2023ರ ಜನವರಿಯಲ್ಲಿ ಒಂದರ ಹಿಂದೊಂದು ಬಿರುಮಳೆ ಬಂದು ಈ ಬೆಟ್ಟದ ರಸ್ತೆಗಳು ಅಲ್ಲಲ್ಲಿ ಕುಸಿದವು. ಕುಸಿದ ಜಾಗದ ಅಳತೆ ತುರ್ತಾಗಿ ಬೇಕು, ಮಣ್ಣೆಲ್ಲ ಬುಡಮೇಲಾಗಿದೆ, ಹರಿದ ಬೇರುಗಳು ಹೊರಗೆ ಚಾಚಿಕೊಂಡಿವೆ. ಇಳಿಜಾರಿನಲ್ಲಿ ಕಾಲು ಜಾರಿದವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ, ಎಲೆ ಎಣಿಸುತ್ತಾ ನಿಲ್ಲುವುದಿಲ್ಲ. ಕಾಡ್ಗಿಚ್ಚಿನ ಜಾಗವೂ ಹೀಗೆಯೇ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಇಲ್ಲಿ 86,000 ಎಕರೆಗೂ ಹೆಚ್ಚು ಸುಟ್ಟಿತು. ಈ ಗಿಡವೋ ಸುಟ್ಟ ಮೇಲೂ ಬುಡದಿಂದ ಮತ್ತೆ ಚಿಗುರುವ ಜಾತಿ. ಬೂದಿಯ ನಡುವೆ ಮೊದಲು ಹಸಿರು ತೋರಿಸುವವುಗಳಲ್ಲಿ ಇದೂ ಒಂದು. ಕಡಿದ ಪೊದೆಯನ್ನು ರಾಶಿ ಹಾಕಿ ಸುಡೋಣ ಎಂದು ಯಾರಾದರೂ ಬಾಯಿ ತೆರೆದರೆ ಅಲ್ಲೇ ತಡೆಯುತ್ತೇನೆ. ಹೊಗೆಯ ಕಣಗಳ ಜೊತೆ ಸೊನೆಯೂ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಗ ವಿಷಯ ಚರ್ಮಕ್ಕೆ ನಿಲ್ಲದೆ ಆಸ್ಪತ್ರೆಯ ಹಾಸಿಗೆಯವರೆಗೆ ಹೋಗಬಹುದು.

ಸೊನೆಯಲ್ಲಿರುವ ಎಣ್ಣೆಗೆ ಉರುಶಿಯಾಲ್ ಎಂದು ಹೆಸರು. ಅದು ಆಸಿಡ್‌ನಂತೆ ಸುಡುವುದಿಲ್ಲ. ಚರ್ಮದೊಳಗೆ ಇಳಿದು ನಮ್ಮ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ದೇಹದ ರಕ್ಷಣಾ ಕಣಗಳು ಅದನ್ನು ಪರಕೀಯವೆಂದು ಬಗೆದು ಆ ಜಾಗದ ಮೇಲೇ ದಾಳಿ ಮಾಡುತ್ತವೆ. ಹಿಂದೆ ಒಮ್ಮೆ ಸೋಂಕಿದವರಿಗೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ದದ್ದು ಏಳುತ್ತದೆ. ಮೊದಲ ಸಲ ಸೋಂಕಿದವರಿಗೆ ವಾರ, ಎರಡು ವಾರ ಹಿಡಿಯಬಹುದು. ಈ ತಡವೇ ನಮ್ಮ ಕೆಲಸಕ್ಕೆ ದೊಡ್ಡ ಶತ್ರು. ಸೋಮವಾರ ಪೊದೆ ನುಗ್ಗಿದವನು ಮಂಗಳವಾರ ಆರಾಮಾಗಿಯೇ ಇರುತ್ತಾನೆ, ತನಗೇನೂ ಆಗುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ಬುಧವಾರ ಮತ್ತೆ ತೋಳು ಮಡಚಿಕೊಂಡು ಅದೇ ಪೊದೆಗೆ ಇಳಿಯುತ್ತಾನೆ.

ತನಗಾಗುವುದಿಲ್ಲ ಎನ್ನುವವನು ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಕೆಲವರಿಗೆ ನಿಜಕ್ಕೂ ಪ್ರತಿಕ್ರಿಯೆ ಬರುವುದಿಲ್ಲ. ಆದರೆ ಈ ರಿಯಾಯಿತಿ ಶಾಶ್ವತವಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಚರ್ಮ ಒಂದು ದಿನ ತಿರುಗಿ ಬೀಳಬಹುದು. ಅದಕ್ಕಿಂತ ನನಗೆ ಸಿಟ್ಟು ತರಿಸುವುದು ಇನ್ನೊಂದು. ಅಂಥವನು ಹೆದರಿಕೆಯಿಲ್ಲದೆ ಪೊದೆ ಕಡಿದು, ಅದೇ ಕೈಯಲ್ಲಿ ಟ್ರಕ್ಕಿನ ಬಾಗಿಲು, ರೇಡಿಯೋ ಗುಂಡಿ, ಟ್ರೈಪಾಡ್ ಕಾಲು, ನೀರಿನ ಕ್ಯಾನಿನ ನಲ್ಲಿ ಎಲ್ಲವನ್ನೂ ಮುಟ್ಟಿರುತ್ತಾನೆ. ಒಣಗಿದ ಉರುಶಿಯಾಲ್ ತಿಂಗಳುಗಟ್ಟಲೆ, ಒಣಜಾಗದಲ್ಲಿ ವರ್ಷಗಟ್ಟಲೆ ತೀಕ್ಷ್ಣವಾಗಿಯೇ ಉಳಿಯುತ್ತದೆ. ಬೆಟ್ಟದ ಮುಖವನ್ನೇ ನೋಡದ, ಕಚೇರಿಯಲ್ಲಿ ನಕ್ಷೆ ಬಿಡಿಸುವ ಹುಡುಗಿಯ ಮಣಿಕಟ್ಟಿನಲ್ಲಿ ದದ್ದು ಎದ್ದಾಗ ಎಲ್ಲರೂ ತಲೆ ಕೆರೆದುಕೊಂಡರು. ಹಿಂದಿನ ದಿನ ಅವಳು ಮಾಡಿದ್ದು ಇಷ್ಟೇ: ಹೊರಗಿನಿಂದ ಬಂದ ಉಪಕರಣದ ಪೆಟ್ಟಿಗೆಯನ್ನು ಎತ್ತಿ ಕಪಾಟಿನಲ್ಲಿಟ್ಟಿದ್ದಳು.

ಆಮೇಲೆ ಸುರಕ್ಷತಾ ಸಭೆ ನಡೆಯಿತು. ಪಟ್ಟಿಯಲ್ಲಿ ಮೂರು ಬಗೆಯ ಮುಲಾಮು, ಪೊದೆಗೆ ಹೋಗುವ ಮೊದಲು ಹಚ್ಚುವ ಲೇಪ, ತೊಳೆಯಲು ದುಬಾರಿ ದ್ರಾವಣ. ದ್ರಾವಣದ ಮೇಲೆ ನನಗೆ ಹಗೆಯಿಲ್ಲ, ಅದು ಕೆಲಸ ಮಾಡುತ್ತದೆ. ಆದರೆ 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾಯ್ಸನ್ ಓಕ್‌ನ ಸೋದರ ಗಿಡವಾದ ಪಾಯ್ಸನ್ ಐವಿಯ ಉರುಶಿಯಾಲನ್ನು ಹಚ್ಚಿ, ವಿಶೇಷ ದ್ರಾವಣ, ಮೆಕ್ಯಾನಿಕ್‌ಗಳು ಕೈಯ ಜಿಡ್ಡು ತೆಗೆಯಲು ಬಳಸುವ ಪೇಸ್ಟ್, ಪಾತ್ರೆ ತೊಳೆಯುವ ಸೋಪು ಈ ಮೂರನ್ನೂ ಹೋಲಿಸಿದರು. ಮೂರೂ ದದ್ದನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿದವು, ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಬೆಲೆಯಲ್ಲಿ. ಯಾವುದರಿಂದ ತೊಳೆದಿರಿ ಎನ್ನುವುದಕ್ಕಿಂತ ಯಾವಾಗ ತೊಳೆದಿರಿ, ಎಷ್ಟು ಉಜ್ಜಿದಿರಿ ಎನ್ನುವುದೇ ಮುಖ್ಯ. ಚರ್ಮವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕವೂ ಹಾಗೆಯೇ ಇದೆ: ಹತ್ತು ನಿಮಿಷದೊಳಗಾದರೆ ಸುಮಾರು ಅರ್ಧದಷ್ಟು ಎಣ್ಣೆ ಹೋಗುತ್ತದೆ, ಅರ್ಧ ಗಂಟೆಯಾದರೆ ಹತ್ತರಲ್ಲೊಂದು ಪಾಲು, ಒಂದು ಗಂಟೆ ಕಳೆದರೆ ಚರ್ಮಕ್ಕೆ ಇಳಿಯಬೇಕಾದದ್ದು ಇಳಿದೇ ಬಿಟ್ಟಿರುತ್ತದೆ.

ನಮ್ಮ ತಂಡಗಳು ಕೈ ತೊಳೆಯುತ್ತಿದ್ದದ್ದು ಯಾವಾಗ? ಸಂಜೆ ಮನೆಗೆ ಹೋದ ಮೇಲೆ. ದಿನದ ಯೋಜನೆಯಲ್ಲಿ ನೀರಿಗೆ ಜಾಗವೇ ಇರಲಿಲ್ಲ. ಸಭೆಯಲ್ಲಿ ನಾನು ಕೇಳಿದ್ದು ಅದನ್ನೇ: ಲೇಪದ ಹಣ ಉಳಿಸಿಕೊಳ್ಳಿ, ಪ್ರತಿ ಸಲ ಪೊದೆಯಿಂದ ಹೊರಬಂದಾಗ ಹತ್ತು ನಿಮಿಷ ಕೊಡಿ, ಅದನ್ನು ಕೆಲಸದ ಸಮಯವೆಂದೇ ಬರೆದುಕೊಳ್ಳಿ. ಲೆಕ್ಕಪತ್ರದವರು ಮುಖ ಗಂಟಿಕ್ಕಿದರು. ಒಬ್ಬ ಬಲ್ಲವ ಎರಡು ವಾರ ಮನೆಯಲ್ಲಿ ಕೂತರೆ ತಂಡಕ್ಕೆ ಆಗುವ ನಷ್ಟವನ್ನು ಅದೇ ಹಾಳೆಯ ಮೇಲೆ ಕೂಡಿಸಿ ತೋರಿಸಿದ ಮೇಲೆ ಒಪ್ಪಿದರು.

ಈಗ ಟ್ರಕ್ಕಿನ ಹಿಂಬದಿಯಲ್ಲಿ ನಲ್ಲಿಯಿರುವ ದೊಡ್ಡ ನೀರಿನ ಕ್ಯಾನು, ಪಾತ್ರೆ ಸೋಪು, ಒರಟು ಬಟ್ಟೆಯ ತುಂಡುಗಳು, ಕಸದ ಚೀಲ ಇರುತ್ತವೆ. ನಲ್ಲಿ ತಿರುಗಿಸುವುದು ಪೊದೆಗೆ ಇಳಿಯದವನ ಕೆಲಸ. ಕೈಗವಸು ಹಾಕಿಕೊಂಡಿರುವಾಗಲೇ ಅದರ ಹೊರಮೈ ತೊಳೆದು, ಆಮೇಲೆ ಒಳಗು ಹೊರಗಾಗುವಂತೆ ಕಳಚಬೇಕು. ತೆಳು ಲೇಟೆಕ್ಸ್ ಕೈಗವಸನ್ನು ನಾವು ಕೊಳ್ಳುವುದೇ ಇಲ್ಲ. ಈ ಎಣ್ಣೆ ಅದರೊಳಗೆ ತೂರಿಬರುತ್ತದೆ. ಆಮೇಲೆ ಮೊಣಕೈವರೆಗೆ, ಕುತ್ತಿಗೆಗೆ ಸೋಪು ಹಚ್ಚಿ ಬಟ್ಟೆಯಿಂದ ಉಜ್ಜಿ ತೊಳೆಯುವುದು, ಹಾಗೆ ಮತ್ತೊಮ್ಮೆ. ಬರೀ ನೊರೆ ಸವರಿ ನೀರು ಹಾಕಿದರೆ ಏನೂ ಪ್ರಯೋಜನವಿಲ್ಲ. ಟ್ರಕ್ಕಿನ ಗ್ರೀಸ್ ಕೈಗೆ ಮೆತ್ತಿಕೊಂಡರೆ ಕಪ್ಪು ಹೋಗುವ ತನಕ ಹೇಗೆ ಉಜ್ಜುತ್ತೀರೋ ಹಾಗೆಯೇ, ಕಣ್ಣಿಗೆ ಕಾಣದ ಗ್ರೀಸ್ ಎಂದುಕೊಂಡು ಉಜ್ಜಿ ಎನ್ನುತ್ತೇನೆ. ಊಟಕ್ಕೆ ಮೊದಲು, ಮೂತ್ರಕ್ಕೆ ಹೋಗುವ ಮೊದಲು ಇದು ಕಡ್ಡಾಯ. ಎರಡನೆಯದನ್ನು ಹೇಳುವಾಗ ಹೊಸಬರು ನಗುತ್ತಾರೆ, ಹಳಬರು ನಗುವುದಿಲ್ಲ. ಸ್ಪಿರಿಟ್‌ನಿಂದ ಒರೆಸಿದರೂ ಎಣ್ಣೆ ಹೋಗುತ್ತದೆ, ಆದರೆ ಚರ್ಮದ ಸ್ವಂತ ಜಿಡ್ಡೂ ಅದರೊಂದಿಗೆ ಹೋಗುವುದರಿಂದ ಸ್ಪಿರಿಟ್ ಬಳಸಿದವನನ್ನು ಆ ದಿನ ಮತ್ತೆ ಪೊದೆಗೆ ಕಳಿಸುವುದಿಲ್ಲ.

ಮಚ್ಚು, ಗರಗಸ, ಪ್ರಿಸಂ ಕೋಲು, ಟ್ರೈಪಾಡ್ ಕಾಲುಗಳನ್ನು ಸಂಜೆ ಒರೆಸಿಯೇ ಒಳಗಿಡಬೇಕು. ಪೊದೆಗೆ ಹೋದ ಬಟ್ಟೆಯನ್ನು ಮನೆಯ ಸೋಫಾಕ್ಕೆ ಸೋಕಿಸದೆ ನೇರವಾಗಿ ವಾಷಿಂಗ್ ಮಷೀನಿಗೆ, ಬೇರೆ ಬಟ್ಟೆಗಳ ಜೊತೆ ಸೇರಿಸದೆ, ಬಿಸಿನೀರಿನಲ್ಲಿ. ಎಲ್ಲರೂ ಮರೆಯುವುದು ಬೂಟಿನ ಲೇಸು. ಬೂಟು ಒರೆಸುತ್ತಾರೆ, ಲೇಸು ಹಾಗೆಯೇ ಇರುತ್ತದೆ, ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಅದನ್ನೇ ಕಟ್ಟುತ್ತಾರೆ. ನಾಯಿ ಸಾಕಿದವರಿಗೆ ಇನ್ನೊಂದು ಮಾತು: ನಾಯಿಗೆ ಕೂದಲಿನ ರಕ್ಷಣೆಯಿದೆ, ಅದನ್ನು ಮುದ್ದಿಸುವವರಿಗೆ ಇಲ್ಲ.

ಇಷ್ಟೆಲ್ಲ ಮಾಡಿಯೂ ದದ್ದು ಏಳುತ್ತದೆ, ಆಗ ಏನು? ನಾನು ವೈದ್ಯನಲ್ಲ, ಆದರೆ ತಂಡದವರನ್ನು ಕರೆದುಕೊಂಡು ಹೋಗಿ ಕೂತು ಕೇಳಿಸಿಕೊಂಡಿದ್ದೇನೆ. ಸಾಧಾರಣ ದದ್ದು ಒಂದರಿಂದ ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ತಣ್ಣೀರಿನ ಬಟ್ಟೆ, ಕ್ಯಾಲಮೈನ್, ನುಣ್ಣಗೆ ಪುಡಿ ಮಾಡಿದ ಓಟ್ಸ್ ಬೆರೆಸಿದ ಉಗುರುಬೆಚ್ಚಗಿನ ನೀರಿನ ಸ್ನಾನ ನವೆಯನ್ನು ತಗ್ಗಿಸುತ್ತವೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಶೇಕಡ 1ರ ಹೈಡ್ರೋಕಾರ್ಟಿಸೋನ್ ಮುಲಾಮು ಸಣ್ಣ ದದ್ದಿಗೆ ಸರಿ, ಬೊಕ್ಕೆಯೆದ್ದ ತೋಳಿಗೆ ಅದರ ಶಕ್ತಿ ಸಾಲದು. ನಿದ್ದೆ ಬರಿಸುವ ಅಲರ್ಜಿ ಮಾತ್ರೆ ರಾತ್ರಿ ಕಳೆಯಲು ನೆರವಾಗುತ್ತದೆ. ದದ್ದನ್ನು ಅದು ಗುಣಪಡಿಸುವುದಿಲ್ಲ. ಅದೇ ಔಷಧದ ಮುಲಾಮನ್ನಾಗಲಿ, ಮರಗಟ್ಟಿಸುವ ಬೆಂಜೋಕೇನ್ ಇರುವ ಮುಲಾಮನ್ನಾಗಲಿ ಹಚ್ಚಬೇಡಿ, ಅವೇ ಮತ್ತೊಂದು ಅಲರ್ಜಿ ತರಬಹುದು. ಬೊಕ್ಕೆಯ ನೀರು ಸೋರಿ ದದ್ದು ಹರಡುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಆ ನೀರಿನಲ್ಲಿ ಉರುಶಿಯಾಲ್ ಇರುವುದಿಲ್ಲ. ಚರ್ಮ ತೆಳುವಾಗಿರುವ ಕಡೆ ಮೊದಲು, ದಪ್ಪವಾಗಿರುವ ಕಡೆ ತಡವಾಗಿ ಏಳುವುದರಿಂದ ಹರಡಿದಂತೆ ಕಾಣುತ್ತದೆ. ನಾಲ್ಕೈದು ದಿನವಾದ ಮೇಲೂ ಹೊಸ ಜಾಗದಲ್ಲಿ ಏಳುತ್ತಲೇ ಇದ್ದರೆ ಮಾತ್ರ ತೊಳೆಯದೆ ಉಳಿದ ವಸ್ತು ಯಾವುದು ಎಂದು ಹುಡುಕುತ್ತೇನೆ. ಉತ್ತರ ಹೆಚ್ಚಾಗಿ ಬೂಟಿನ ಲೇಸೇ.

ಮುಖ, ಕಣ್ಣು, ಗುಪ್ತಾಂಗಕ್ಕೆ ಬಂದರೆ, ಮೈಯ ಬಹುಭಾಗ ಆವರಿಸಿದರೆ, ಜ್ವರ ಅಥವಾ ಕೀವು ಕಂಡರೆ ವೈದ್ಯರ ಬಳಿ ಹೋಗಲೇಬೇಕು. ಹೊಗೆ ಕುಡಿದು ಉಸಿರು ಕಟ್ಟಿದರೆ ಕಾಯುವ ಮಾತೇ ಇಲ್ಲ. ತೀವ್ರವಾದದ್ದಕ್ಕೆ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ, ಎರಡು ಮೂರು ವಾರದಲ್ಲಿ ಪ್ರಮಾಣವನ್ನು ನಿಧಾನಕ್ಕೆ ಇಳಿಸುತ್ತಾ. ಆರು ದಿನದ ಸಿದ್ಧ ಪೊಟ್ಟಣ ನುಂಗಿ ಮುಗಿಸಿದವರಲ್ಲಿ ದದ್ದು ಮತ್ತೆ ಸಿಡಿದೇಳುವುದು ಸಾಮಾನ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ನಮ್ಮ ಊರಿನ ಕಡೆಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಫ್ರೀಮಾಂಟ್, ಸನಿವೇಲ್ ಸುತ್ತ ಇರುವ ಕನ್ನಡಿಗರು ವಾರಾಂತ್ಯದಲ್ಲಿ ಬೆಟ್ಟ ಹತ್ತುತ್ತಾರೆ, ಊರಿನಿಂದ ಬಂದ ನೆಂಟರನ್ನೂ ಕರೆದೊಯ್ಯುತ್ತಾರೆ. ಶಿರಸಿಯಿಂದ ಬಂದ ನನ್ನ ಭಾವ ದಾರಿಯ ಪಕ್ಕದ ಕೆಂಪೆಲೆ ನೋಡಿ, ಗೇರಿನ ಬಳಗದ್ದು ಎಂದು ನಾನು ಹೇಳಿದ್ದನ್ನು ಕೇಳಿ, "ಹಾಗಾದರೆ ನಮಗೇನೂ ಆಗಲಿಕ್ಕಿಲ್ಲ ಬಿಡು" ಎಂದು ಕೈ ಚಾಚಿದರು. "ಭಾವ, ಗೇರಿನದು ಎಂದೇ ಹೆದರಬೇಕು" ಎಂದೆ. ಮಾವಿನ ಸೊನೆ ತಾಗಿ ತುಟಿಯ ಬದಿ ಹುಣ್ಣಾದವರು, ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋಗಿ ಹೊಳೆಗೇರಿನ ಸೊನೆಗೆ ಮುಖ ಊದಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸದಲ್ಲೂ ಇದೇ ಬಗೆಯ ಎಣ್ಣೆಯಿದೆ. ಒಂದಕ್ಕೆ ಸಿಡಿಯಲು ಕಲಿತ ಚರ್ಮ ಇನ್ನೊಂದನ್ನೂ ಗುರುತು ಹಿಡಿಯಬಹುದು, ಅಮೆರಿಕದ ಮೊದಲ ಸೋಂಕಿಗೇ. ಇದಕ್ಕೆ ಇನ್ನೊಂದು ಮುಖವೂ ಇದೆ. ಇಸ್ರೇಲಿನಲ್ಲಿ ಮಾವು ಕೀಳಲು ಹೋದ ಅಮೆರಿಕದವರಿಗೆ ದದ್ದು ಎದ್ದಿತು, ಜೊತೆಗಿದ್ದ ಸ್ಥಳೀಯರಿಗೆ ಏಳಲಿಲ್ಲ ಎಂದು 2005ರ ಒಂದು ವರದಿ ಹೇಳುತ್ತದೆ. ಚಿಕ್ಕಂದಿನಿಂದ ಮಾವು ತಿಂದು ಬೆಳೆದದ್ದು ಕೆಲವರಿಗೆ ರಕ್ಷೆಯಾಗಿರಬಹುದು ಎಂಬುದು ಅಲ್ಲಿನ ಊಹೆ. ತಾನು ಯಾವ ಗುಂಪಿನವನು ಎಂದು ಪರೀಕ್ಷಿಸಲು ಎಲೆ ಮುಟ್ಟಿ ನೋಡುವ ಅಗತ್ಯ ಯಾರಿಗೂ ಇಲ್ಲ. ಕೊಬ್ಬರಿ ಎಣ್ಣೆ, ಅರಿಶಿನದ ಉಪಚಾರ ಬೇಡವೆನ್ನುವುದಿಲ್ಲ, ಆದರೆ ಸೋಪಿನಲ್ಲಿ ಉಜ್ಜಿ ತೊಳೆಯುವ ಮೊದಲೇ ಎಣ್ಣೆ ಸವರಿದರೆ ಸೊನೆಗೆ ಹರಡಲು ದಾರಿ ಮಾಡಿಕೊಟ್ಟಂತೆ.

ಕ್ಯಾಲಿಫೋರ್ನಿಯಾದಲ್ಲಿ ಹೊರಗಿನ ಕೆಲಸಕ್ಕೆ ಹೊಸದಾಗಿ ಸೇರಿದ ಕನ್ನಡದ ಹುಡುಗರಿಗೆ ಕೊನೆಯದಾಗಿ ಕಾಗದದ ವಿಷಯ. ಕೆಲಸದಲ್ಲಿ ತಗುಲಿದ ಪಾಯ್ಸನ್ ಓಕ್ ದದ್ದು ಕೆಲಸದ ಗಾಯವೇ. ನಾಚಿಕೊಂಡು ಸ್ವಂತ ವಿಮೆಯಲ್ಲಿ ತೋರಿಸಿಕೊಳ್ಳಬೇಡಿ. ಮೇಲಿನವರಿಗೆ ತಿಳಿಸಿದ ಮೇಲೆ ಒಂದು ಕೆಲಸದ ದಿನದೊಳಗೆ ಅವರು ನಿಮಗೆ ಪರಿಹಾರದ ಅರ್ಜಿ ಕೊಡಬೇಕೆಂಬ ನಿಯಮ ಈ ರಾಜ್ಯದಲ್ಲಿದೆ. ಯಾವ ಜಾಗ, ಯಾವ ದಿನ, ಯಾವ ಉಪಕರಣ ಹಿಡಿದಿದ್ದಿರಿ ಎಂಬುದನ್ನೂ ಅದರಲ್ಲಿ ಬರೆಯಿರಿ. ಮರುದಿನ ಅದೇ ಇಳಿಜಾರಿಗೆ ಯಾರನ್ನು ಕಳಿಸಬೇಕು, ಯಾವ ಪೆಟ್ಟಿಗೆಯನ್ನು ಮೊದಲು ಒರೆಸಬೇಕು ಎಂದು ನಾನು ತೀರ್ಮಾನಿಸುವುದು ಆ ಹಾಳೆ ನೋಡಿಯೇ.