“ನಮ್ಮವರೇ ಮೊದಲು ಅಲ್ವಾ?”

ಗಣಿತದ ಇತಿಹಾಸ ಓದುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ: “ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದದ್ದು ಅಲ್ವಾ?”

ಕೆಲವನ್ನು ಹೌದು, ಕೆಲವನ್ನು ಇಲ್ಲ. ಆದರೆ ನನ್ನ ಕುತೂಹಲ ಬೇರೆ ಕಡೆ ಇದೆ. ಎರಡರ ವರ್ಗಮೂಲವನ್ನೇ, ಅಂದರೆ ಬದಿ 1 ಇರುವ ಚೌಕದ ಕರ್ಣದ ಉದ್ದವನ್ನೇ ನೋಡಿ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಂಗೈಯಗಲದ ಒಂದು ಮಣ್ಣಿನ ಫಲಕವಿದೆ. ಬ್ಯಾಬಿಲೋನಿನದು, ಸುಮಾರು ಕ್ರಿ.ಪೂ. 1800–1600ರದ್ದು. ಅದರಲ್ಲಿ ಒಂದು ಚೌಕ, ಎರಡು ಕರ್ಣ, ಜೊತೆಗೆ 1, 24, 51, 10 ಎಂಬ ಅಂಕಿಗಳು. ಅವರದು ಅರವತ್ತರ ಲೆಕ್ಕ: 1, ಆಮೇಲೆ 24/60, 51/3600, ಹೀಗೆ. ದಶಮಾಂಶಕ್ಕೆ ತಂದರೆ 1.414213.

ಬೌಧಾಯನ ಶುಲ್ಬಸೂತ್ರ ಎಷ್ಟೋ ಶತಮಾನ ಈಚಿನದು. ಹಗ್ಗ, ಗೂಟ ಹಿಡಿದು ಯಜ್ಞವೇದಿ ಅಳೆಯುತ್ತಿದ್ದವರ ಲೆಕ್ಕ ಅದು. ಚೌಕದ ಬದಿಯ ಅಳತೆಗೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಭಾಗದ ಕಾಲುಪಾಲು ಸೇರಿಸು, ಆ ಕಾಲುಪಾಲಿನ 34ನೇ ಒಂದು ಭಾಗ ಕಳೆ. ಸಿಗುವುದು 1.414216.

ಬ್ಯಾಬಿಲೋನಿನವರೇ ಮೊದಲು, ಸರಿ. ಆದರೆ ಈ 34 ಎಲ್ಲಿಂದ ಬಂತು? ಸೂತ್ರ ಕಾರಣ ಹೇಳುವುದಿಲ್ಲ. ವಿದ್ವಾಂಸರ ಒಂದು ಊಹೆಯನ್ನು ನಾನು ಕಾಗದ ಕತ್ತರಿಸಿಯೇ ನೋಡಿದೆ. ಒಂದೇ ಅಳತೆಯ ಎರಡು ಚೌಕ ತಗೊಳ್ಳಿ. ಎರಡನೆಯದನ್ನು ಮೂರು ಪಟ್ಟಿ ಮಾಡಿ. ಎರಡು ಪಟ್ಟಿಗಳನ್ನು ಮೊದಲ ಚೌಕದ ಒಂದಕ್ಕೊಂದು ತಾಗಿದ ಎರಡು ಬದಿಗೆ ಅಂಟಿಸಿ. ಮೂರನೆಯದರಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ಮೂಲೆಗೆ ಇಡಿ. ಉಳಿದದ್ದನ್ನು ಎಂಟು ಸಣ್ಣ ಪಟ್ಟಿ ಮಾಡಿ, ಮತ್ತೆ ಅದೇ ಎರಡು ಬದಿಗೆ ನಾಲ್ಕು ನಾಲ್ಕು ಜೋಡಿಸಿ. ಈಗ ದೊಡ್ಡ ಚೌಕದ ಬದಿ 17/12. ಮೂಲೆಯಲ್ಲಿ ಮಾತ್ರ 1/12 ಬದಿಯ ಒಂದು ಪುಟ್ಟ ಕಿಂಡಿ ಉಳಿಯುತ್ತದೆ. ಆ ಕಿಂಡಿಯಷ್ಟು ಜಾಗವನ್ನು ಎರಡು ಬದಿಗಳಿಂದ ತೆಳ್ಳಗೆ ಸವರಿ ತೆಗೆಯಬೇಕು. ಒಂದೊಂದು ಬದಿಯೂ ಕಿಂಡಿಯ ಬದಿಯ ಹದಿನೇಳರಷ್ಟು ಉದ್ದ, ಹಾಗಾಗಿ ಸವರುವ ದಪ್ಪ ಸುಮಾರಾಗಿ ಕಿಂಡಿಯ ಬದಿಯ 34ನೇ ಒಂದು ಭಾಗ. ಎರಡು ಹದಿನೇಳು, ಮೂವತ್ತನಾಲ್ಕು! ಅದು ಕೈಯಲ್ಲೇ ಬಂದಾಗ ಆದ ಖುಷಿ ಇನ್ನೂ ನೆನಪಿದೆ.

ಇನ್ನೊಂದು ಮಾತು. ‘ನಮ್ಮವರು’ ಅಂದರೆ ನನಗೆ ಮಹಾವೀರಾಚಾರ್ಯರೂ ಸೇರಿದರು. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದವರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದರು. ಅದು ತಪ್ಪು. ಆದರೆ ಹತ್ತು ಮಾವಿನಹಣ್ಣು ಇವೆ, ಹಂಚಿಕೊಳ್ಳಲು ಯಾರೂ ಇಲ್ಲ ಅಂದುಕೊಳ್ಳಿ. ಬುಟ್ಟಿಯಲ್ಲಿ ಹತ್ತೂ ಹಾಗೇ ಇರುತ್ತವೆ ಅಲ್ವಾ? ಅವರು ಹೀಗೇ ಯೋಚಿಸಿರಬಹುದು ಅಂತ ನನಗನಿಸುತ್ತದೆ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಅದೇ ಸೊನ್ನೆಯನ್ನು ಮತ್ತೆ ಎತ್ತಿಕೊಂಡು, ಉತ್ತರ ಅನಂತ ಅಂದರು. ಈ ಮುನ್ನೂರು ವರ್ಷದಲ್ಲಿ ಸೊನ್ನೆಯ ಬಗ್ಗೆ ಯೋಚನೆ ಹೇಗೆ ಬದಲಾಯಿತು ಅನ್ನುವುದನ್ನೇ ನಾನೀಗ ಓದುತ್ತಿದ್ದೇನೆ.