ಕಲಸಿದರೆ ಆಯ್ತಲ್ಲ, ಅದಕ್ಕೆ ಇಷ್ಟು ವರ್ಷ ಯಾಕೆ?

ದಾವಣಗೆರೆಯಲ್ಲಿ ಯಾವ ನೆಂಟರ ಮನೆಗೆ ಹೋದರೂ ನನಗೆ ಇದೇ ಪ್ರಶ್ನೆ. ಪಾಲಿಮರ್ ಫಿಲ್ಮ್, ಅಂದರೆ ಪ್ಲಾಸ್ಟಿಕ್‌ನಂಥ ತೆಳು ಹಾಳೆಗಳ ಮೇಲೆ ಕೆಲಸ ಮಾಡುತ್ತೇನೆ ಅಂದ ಕೂಡಲೇ, "ಎರಡು ಪುಡಿ ನೀರಿಗೆ ಹಾಕಿ ಕಲಸಿ ಒಣಗಿಸೋದು ತಾನೇ?" ಅಂತಾರೆ.

ಮಾಡುವುದು ಅದನ್ನೇ, ನಿಜ. ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಅಂದರೆ ಅಂಟು ಮಾಡಲು ಬಳಸುವ ಪಾಲಿಮರ್, ಅದನ್ನು 80-90 ಡಿಗ್ರಿ ಬಿಸಿ ನೀರಿನಲ್ಲಿ ಕರಗಿಸುತ್ತೇವೆ. ಮಾತ್ರೆಯ ಪುಡಿಯನ್ನು ಹಿಡಿದಿಡಲು ಬಳಸುವ ಪಿವಿಪಿ ಎಂಬ ಇನ್ನೊಂದು ಪಾಲಿಮರನ್ನು ಅದಕ್ಕೆ ಸೇರಿಸಿ, ಗಂಟೆಗಟ್ಟಲೆ ತಿರುಗಿಸಿ, ಗಾಜಿನ ತಟ್ಟೆಗೆ ಸುರಿದು ಒಣಗಲು ಬಿಡುತ್ತೇವೆ. ಆದರೆ ಕಲಸಿದ್ದು ಬೇರೆ, ಬೆರೆತದ್ದು ಬೇರೆ.

ನೀರು, ಸ್ಪಿರಿಟ್ ಸುಮ್ನೆ ಬೆರೆತುಬಿಡುತ್ತವೆ. ಸಣ್ಣ ಅಣುಗಳು, ಎಲ್ಲಿ ಬೇಕಾದರೂ ನುಸುಳುತ್ತವೆ. ಪಾಲಿಮರ್ ಹಾಗಲ್ಲ, ಸಾವಿರಾರು ಕೊಂಡಿಗಳ ಸರಪಳಿ. ಒಂದು ಕೊಂಡಿ ಹೊರಟರೆ ಪಕ್ಕದ್ದನ್ನೂ ಎಳೆದುಕೊಂಡೇ ಹೋಗಬೇಕು, ಹಾಗಾಗಿ ಬೆರೆತು ಹರಡಿಕೊಳ್ಳುವುದರಿಂದ ಅವಕ್ಕೆ ಸಿಗುವ ಲಾಭ ತೀರಾ ಕಡಿಮೆ. ಫ್ಲೋರಿ ಮತ್ತು ಹಗ್ಗಿನ್ಸ್ ಎಂಬ ರಸಾಯನ ವಿಜ್ಞಾನಿಗಳು 1940ರ ದಶಕದ ಆರಂಭದಲ್ಲೇ ಇದಕ್ಕೆ ಲೆಕ್ಕ ಕೊಟ್ಟರು. ಎರಡು ಪಾಲಿಮರ್ ಬೆರೆಯಬೇಕಾದರೆ ಸಾಮಾನ್ಯವಾಗಿ ಒಂದಕ್ಕೊಂದು ಸೆಳೆತ ಇರಬೇಕು. ಪಿವಿಎಯಲ್ಲಿ ಹೈಡ್ರಾಕ್ಸಿಲ್ ಎಂಬ ಪರಮಾಣು ಗುಂಪು ಇದೆ, ಪಿವಿಪಿಯಲ್ಲಿ ಕಾರ್ಬೊನಿಲ್ ಎಂಬುದು. ಇವೆರಡರ ನಡುವೆ ಹೈಡ್ರೋಜನ್ ಬಂಧ ಎಂಬ ಸೆಳೆತ ಬೀಳುತ್ತದೆ, ಅದಕ್ಕೇ ಈ ಜೋಡಿ ಒಗ್ಗುತ್ತದೆ.

"ಫಿಲ್ಮ್ ಸ್ವಚ್ಛವಾಗಿ ಕಾಣ್ತಿದೆಯಲ್ಲ, ಬೆರೆತಿದೆ ಅಂತಲೇ ಅಲ್ವಾ?" ಇದು ಮುಂದಿನ ಪ್ರಶ್ನೆ. ತಟ್ಟೆಯ ಅಂಚಿಗೆ ಬ್ಲೇಡ್ ತಾಗಿಸಿ ಫಿಲ್ಮ್ ಮೆಲ್ಲಗೆ ಎಬ್ಬಿಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ನಡುವೆ ಗಂಜಿ ಚೆಲ್ಲಿದ ಹಾಗೆ ಬಿಳಿ ಮಚ್ಚೆ ಕಂಡರೆ ಅನುಮಾನ ಶುರು. ನಮ್ಮ ಕಡೆ ಧಾರಾಳವಾಗಿ ಬೆಳೆಯುವ ಮೆಕ್ಕೆಜೋಳದ ಪಿಷ್ಟವನ್ನು ಪಿವಿಎಗೆ ಜಾಸ್ತಿ ಹಾಕಿದಾಗ ನನಗೆ ಇದು ಎಷ್ಟೋ ಸಲ ಆಗಿದೆ. ಆದರೆ ಮಚ್ಚೆ ಇಲ್ಲ ಅಂದ ಮಾತ್ರಕ್ಕೆ ಬೆರೆತಿದೆ ಎನ್ನಲಾಗದು. ಬೇರೆ ಬೇರೆಯಾದ ಗುಂಪುಗಳು ಬೆಳಕಿನ ಅಲೆಯ ಉದ್ದಕ್ಕಿಂತ ತುಂಬಾ ಚಿಕ್ಕದಿದ್ದರೆ, ಇಲ್ಲವೇ ಎರಡೂ ಬೆಳಕನ್ನು ಒಂದೇ ಥರ ಬಾಗಿಸಿದರೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೇ ಡಿಎಸ್‌ಸಿ ಯಂತ್ರ, ಕಾಯಿಸುವಾಗ ವಸ್ತು ಎಷ್ಟು ಶಾಖ ಹೀರುತ್ತದೆ ಎಂದು ಅಳೆಯುವುದು. ಐದಾರು ಮಿಲಿಗ್ರಾಂ ಫಿಲ್ಮ್ ಕತ್ತರಿಸಿ, ಪುಟ್ಟ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಕಾಯಿಸುತ್ತೇವೆ. ಗಾಜಿನಂತೆ ಬಿರುಸಾಗಿದ್ದ ಪಾಲಿಮರ್ ಮೆತ್ತಗಾಗುವ ತಾಪಮಾನ ಪಿವಿಎಗೆ ಸುಮಾರು 80 ಡಿಗ್ರಿ, ಪಿವಿಪಿಗೆ 170ರ ಆಸುಪಾಸು. ಮೆತ್ತಗಾಗುವ ಜಾಗದಲ್ಲಿ ಯಂತ್ರದ ಗೆರೆ ತಿರುಗುತ್ತದೆ, ಬೆರೆತಿದ್ದರೆ ಇವೆರಡರ ನಡುವೆ ಒಂದೇ ತಿರುವು ಸಿಗಬೇಕು. ಎರಡು ಸಿಕ್ಕರೆ ಎರಡೂ ಒಳಗೆ ಬೇರೆ ಬೇರೆ ಕೂತಿವೆ ಅಂತ. ಎಕ್ಸ್‌ರೇಯಲ್ಲೂ ನೋಡುತ್ತೇವೆ: ಪಿವಿಎ ಸರಪಳಿಗಳು ಹರಳಿನಂತೆ ಸಾಲಾಗಿ ಕೂತದ್ದನ್ನು ತೋರಿಸುವ ಶಿಖರ 19-20 ಡಿಗ್ರಿ ಕೋನದಲ್ಲಿ ಬರುತ್ತದೆ, ಪಿವಿಪಿ ಹೆಚ್ಚಿದಂತೆ ಅದು ತಗ್ಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮಳೆಗಾಲದಲ್ಲಿ ಲೆಕ್ಕ ತಪ್ಪುತ್ತದೆ. ಎರಡಕ್ಕೂ ನೀರೆಂದರೆ ಪ್ರೀತಿ, ಗಾಳಿಯ ತೇವ ಹೀರಿ ಮೆತ್ತಗಾಗುತ್ತವೆ, ತಿರುವು ಎಷ್ಟೋ ಡಿಗ್ರಿ ಕೆಳಗಿಳಿಯುತ್ತದೆ. ಆಗ ಫಿಲ್ಮನ್ನು ಮತ್ತೆ ಒಣಗಿಸಿ, ಅದೇ ಅಳತೆಯನ್ನು ಮೊದಲಿನಿಂದ ತೆಗೆಯಬೇಕು. ವರ್ಷಗಳು ಹೋಗುವುದು ಇಲ್ಲಿಯೇ.